ಸಮ ಮನೆ, ಬೆಸ ಮನೆ

ತಕಾನಿನಿ, ಆಕ್ಲೆಂಡ್
೯ ಫೆಬ್ರುವರಿ ೨೦೨೫

ದೋಸ್ತ ನರಸಿಂಹಾ,

ನಾನು ಇಲ್ಲಿ ಕ್ಷೇಮ. ಈ ದೇಶದ ಬಗ್ಗೆ ಮಾತ್ರ ಖಾತ್ರಿ ಕೊಡಲಾರೆ.

ಅಂಚೆಯಲ್ಲಿ ಬಂದದ್ದನ್ನು ಮಾತ್ರ ಓದುತ್ತೇನೆ, ಫೋನಿನಲ್ಲಿ ಬಂದದ್ದಕ್ಕೆ ಉತ್ತರವಿಲ್ಲ ಎಂದು ರಿಟೈರಾದ ಪೋಸ್ಟ್ ಮಾಸ್ತರನಾದ ನೀನು ಹಟ ಹಿಡಿದಿದ್ದೀಯ. ಆಗಲಿ. ಮೊದಲು ನನ್ನ ಸ್ವಾಗತದ ಸುದ್ದಿ ಕೇಳು. ವಿಮಾನ ನಿಲ್ದಾಣದಲ್ಲಿ ಇಲ್ಲಿಯ ಸರ್ಕಾರ ನನಗಾಗಿ ಒಂದು ನಾಯಿಯನ್ನೇ ಕಳಿಸಿತ್ತು. ಅದು ಸಾಲಿನಲ್ಲಿದ್ದ ಎಲ್ಲರನ್ನೂ ಬಿಟ್ಟು ನನ್ನ ಚೀಲದ ಮುಂದೆ ಬಂದು ಕುಳಿತಿತು. ಆಮೇಲೆ ಅಧಿಕಾರಿಗಳೆಲ್ಲ ಸುತ್ತುವರಿದು ನನ್ನ ಮಾವಿನಕಾಯಿ, ಕರಿಬೇವು ತೆಗೆದಿಟ್ಟುಕೊಂಡರು. ಅವರಿಗೂ ಆಸೆ ಇರುತ್ತದಲ್ಲ.

ಸೋದರಳಿಯ ರುದ್ರೇಶನ ಮನೆ ನಂಬರ್ ಹದಿನೇಳು. ಮನೆಯಲ್ಲಿ ಅವನು, ಅವನ ಹೆಂಡತಿ ರತ್ನಪ್ರಭಾ, ಮಗಳು ಪ್ರಾಚಿ. ನಾನು ಪ್ರಾಚಿಗೆ ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ನಮ್ಮಿಬ್ಬರಿಗೆ ಜಗಳವಿಲ್ಲ. ಪಕ್ಕದ ಹತ್ತೊಂಬತ್ತರಲ್ಲಿ ಕಾಲಿನ್ ಎಂಬ ಬಿಳಿಯ ಮುದುಕ. ಅವನ ಆಚೆ ಇಪ್ಪತ್ತೊಂದರಲ್ಲಿ ಸಮೋವಾ ದ್ವೀಪದ ಟವಿಟಾ. ಅವನು ಬಾಗಿಲಲ್ಲಿ ನಿಂತರೆ ಬಾಗಿಲು ಕಾಣುವುದಿಲ್ಲ. ನಿಮ್ಮಲ್ಲಿ ಏನು ಆಡುತ್ತೀರಿ ಎಂದು ಅವನು ಕೇಳಿದ. ರೋಣ ತಾಲ್ಲೂಕಿನ ಕಬಡ್ಡಿ ಹುಲಿ ಎಂದರೆ ನಾನೇ ಎಂದು ಹೇಳಿದ್ದೇನೆ. ರಸ್ತೆಯ ಆ ಬದಿ ಹದಿನೆಂಟರಲ್ಲಿ ವಿರೇಮು. ಮಾವೊರಿ ಜನದವನು, ಈ ನೆಲದ ಮೂಲದವನು. ಇಪ್ಪತ್ತರಲ್ಲಿ ನಮ್ಮ ಮೈಸೂರಿನ ವಾಸುದೇವ್.

ಈಗ ನಿಜವಾದ ಸುದ್ದಿ. ಹೋದ ವಾರ ಎಲ್ಲರ ಅಂಚೆ ಡಬ್ಬಿಯಲ್ಲಿ ಒಂದು ಚೀಟಿ ಬಿದ್ದಿತ್ತು. ‘ನೀವು ಬಂದಲ್ಲಿಗೇ ಹೋಗಿ’ ಎಂದು ಅಚ್ಚು ಹಾಕಿಸಿದ್ದರು. ಕೆಳಗೆ ಹೆಸರಿಲ್ಲ, ಸ್ಟಾಂಪೂ ಇಲ್ಲ. ಅಂದಿನಿಂದ ರಸ್ತೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ. ವಿರೇಮು ಮಾತ್ರ ಚೀಟಿ ಹಿಡಿದು ನಡುರಸ್ತೆಯಲ್ಲಿ ನಿಂತು ಕೂಗಿದ:

“ನನ್ನ ಡಬ್ಬಿಗೂ ಹಾಕ್ಯಾರ! ಎಲ್ಲಿಗಿ ಹೋಗ್ಲಿ? ಏಳ್ನೂರು ವರ್ಷ ಆತು, ಮನ್ಯಾಗ ಅದೀನಿ!”

ಇಲ್ಲಿಯ ಜನರ ಇಂಗ್ಲಿಷನ್ನು ನಾನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ಮೂಲಕ್ಕಿಂತ ಚೆನ್ನಾಗಿಯೇ ಇದೆ.

ಮರುದಿನ ಬೆಳಿಗ್ಗೆ ನಮ್ಮ ಹೊಸ್ತಿಲ ಮೇಲೆ ಏನಿತ್ತು ಹೇಳು? ಲಿಂಬೆಹಣ್ಣು! ಒಂದು ಕಾಗದದ ಚೀಲದ ತುಂಬ. ಬ್ಯಾಂಕಿನಲ್ಲಿ ಕೆಲಸ ಮಾಡುವ, ಎಮ್ಮೆಸ್ಸಿ ಓದಿದ ರತ್ನಪ್ರಭಾ “ಮಾಮಾ, ಮಾಟ ಮಾಡ್ಯಾರ್ರೀ!” ಎಂದು ಚೀರಿದಳು. ಇಂಥ ಹೊತ್ತಿಗೆ ಊರಿನ ಗಂಡಸು ಬೇಕಾಗುತ್ತದೆ. ನಾನು ಉಪ್ಪು, ಒಣಮೆಣಸಿನಕಾಯಿ ತಂದು ಮೂವರಿಗೂ ದೃಷ್ಟಿ ತೆಗೆದು ಒಲೆಗೆ ಹಾಕಿದೆ. ಈ ಮನೆಗಳ ಮಾಳಿಗೆಯಲ್ಲಿ ಹೊಗೆ ಕಂಡರೆ ಬೊಬ್ಬೆ ಹೊಡೆಯುವ ಯಂತ್ರ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಟವಿಟಾ ಬೆಂಕಿ ಬಿತ್ತೆಂದು ನೀರಿನ ಪೈಪು ಹಿಡಿದು ಓಡಿಬಂದ. ಅಷ್ಟರಲ್ಲಿ ನಾನು ಲಿಂಬೆಹಣ್ಣುಗಳನ್ನು ಎಡಗಾಲಿನಿಂದ ದಾಟಿ, ಒಂದೊಂದಾಗಿ ಕಾಲಿನ್‌ನ ಬೇಲಿಯಾಚೆ ಎಸೆದಿದ್ದೆ. ಸುತ್ತಮುತ್ತ ಲಿಂಬೆಗಿಡ ಇರುವುದು ಅವನ ಹಿತ್ತಲಲ್ಲಿ ಮಾತ್ರ. ಇನ್ನೇನು ಸಾಕ್ಷಿ ಬೇಕು? ಅಂದಿನಿಂದ ಆ ಮುದುಕ ನಮ್ಮನ್ನು ಕಂಡರೆ ಮುಖ ತಿರುಗಿಸುತ್ತಾನೆ.

ರುದ್ರೇಶನ ಮನಸ್ಸು ಮುರಿದಿದೆ. “ಮಾಮಾ, ಸಾಕಾತು. ಮನಿ ಮಾರಿ ಟೌರಂಗಾಕ್ಕ ಹೋಗಿಬಿಡ್ತೀವಿ” ಅನ್ನುತ್ತಾನೆ. ಅದು ಇಲ್ಲಿಂದ ದೂರದ ಬೇರೆ ಊರು. ಪ್ರಾಚಿ ಅನ್ನದ ತಟ್ಟೆ ಮುಂದಿಟ್ಟುಕೊಂಡು ಅಳುತ್ತಾಳೆ. ಟವಿಟಾನ ಮಗಳು ಲೂಪೆ ಅವಳ ಜೀವದ ಗೆಳತಿ.

ನಾನು ಇರುವವರೆಗೆ ಈ ಮನೆ ಹೇಗೆ ಮಾರುತ್ತಾರೋ ನೋಡುತ್ತೇನೆ.

ನಿನ್ನ
ಫಕೀರಪ್ಪ

*

ಕೊಣ್ಣಾಪುರ, ತಾ. ರೋಣ
೩ ಮಾರ್ಚ್ ೨೦೨೫

ಫಕೀರ್ಯಾ,

ಪತ್ರ ಮುಟ್ಟಿತು. ಸ್ಟಾಂಪು ಚೆಂದ ಇದೆ, ಒಳಗಿನದು ಬರೀ ಬಡಾಯಿ.

ಮೊದಲು ಲಿಂಬೆಹಣ್ಣು. ಹಣ್ಣು ಕೊಯ್ದು ಹೋಳು ಮಾಡಿದ್ದರೇ? ಕುಂಕುಮ ಹಚ್ಚಿತ್ತೇ? ಸೂಜಿ ಚುಚ್ಚಿತ್ತೇ? ಇವು ಯಾವುವೂ ಇಲ್ಲದಿದ್ದರೆ ಅದು ಮಾಟವಲ್ಲ, ಲಿಂಬೆಹಣ್ಣು. ಗಿಡ ಇದ್ದವರು ನೆರೆಮನೆಗೆ ಹಣ್ಣು ಕೊಡುತ್ತಾರೆ. ನಮ್ಮ ಹಿತ್ತಲಿನ ನುಗ್ಗೆಕಾಯಿ ನೀನು ಶಾಲೆಯ ದಿನಗಳಿಂದ ತಿಂದಿದ್ದೀಯ. ಒಂದು ದಿನವಾದರೂ ದೃಷ್ಟಿ ತೆಗೆಸಿಕೊಂಡೆಯಾ?

ಎರಡನೆಯದು, ಕಬಡ್ಡಿ ಹುಲಿ. ನೀನು ತಾಲ್ಲೂಕು ಪಂದ್ಯದಲ್ಲಿ ಒಂದೇ ಒಂದು ಸಲ ಎದುರಿನ ಅಂಕಣಕ್ಕೆ ಹೋದೆ. ಏಳು ಜನ ನಿನ್ನ ಮೇಲೆ ಕುಳಿತರು. ನಿನ್ನನ್ನು ಚಕ್ಕಡಿಯಲ್ಲಿ ಹಾಕಿಕೊಂಡು ಊರಿಗೆ ತಂದವನು ನಾನು. ಹುಲಿ ಅಲ್ಲ, ಹುಲಿಯ ಊಟ.

ಹುಡುಗಿಯ ಸಂಕಟ ಓದಿ ಮಾತ್ರ ಕೆಡುಕೆನಿಸಿತು. ಏನಾದರೂ ಮಾಡು, ಆದರೆ ಮಾಡುವ ಮೊದಲು ಯಾರನ್ನಾದರೂ ಕೇಳು.

ಇಲ್ಲಿ ಎಲ್ಲ ಆರಾಮ. ಶಾಲೆಯ ಮೈದಾನ ಸ್ವಲ್ಪ ರಿಪೇರಿಯಲ್ಲಿದೆ. ಈ ಸಲ ಯುಗಾದಿಯ ಕಬಡ್ಡಿ ಇರಲಾರದು.

ನರಸಿಂಹ

*

ತಕಾನಿನಿ
೨೩ ಮಾರ್ಚ್ ೨೦೨೫

ನರಸಿಂಹಾ,

ನಿನ್ನ ಪತ್ರವನ್ನು ಯಾರಿಗೂ ತೋರಿಸಿಲ್ಲ. ಲಿಂಬೆಹಣ್ಣಿಗೆ ಕುಂಕುಮ ಇರಲಿಲ್ಲ ಎಂಬುದು ನನಗೆ ಈಗ ನೆನಪಾಗುತ್ತಿದೆ. ಆದರೆ ಆ ವಿಷಯ ಹಳೆಯದಾಯಿತು.

ಮನೆಯ ಮುಂದೆ ‘ಮಾರಾಟಕ್ಕಿದೆ’ ಎಂದು ಬೋರ್ಡು ನೆಟ್ಟಿದ್ದಾರೆ. ಬೋರ್ಡಿನ ಮೇಲೆ ಏಜೆಂಟನ ಫೋಟೋ, ಬಾಯಿ ತುಂಬ ಹಲ್ಲು. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಮೊದಲು ಅವನ ಹಲ್ಲಿನ ದರ್ಶನ. ಪ್ರಾಚಿ ಶಾಲೆಗೆ ಹೋಗುವಾಗ ಕಣ್ಣು ಮುಚ್ಚಿಕೊಂಡು ಬೋರ್ಡು ದಾಟುತ್ತಾಳೆ.

ಅದನ್ನು ನೋಡಿ ನನಗೊಂದು ಉಪಾಯ ಹೊಳೆಯಿತು. ರಸ್ತೆಯ ಕೊನೆಯ ಹುಲ್ಲಿನ ಬಯಲಿನಲ್ಲಿ ಒಂದು ಕಬಡ್ಡಿ! ಮೈಮೇಲೆ ಬಿದ್ದವನನ್ನು ಮಾತಾಡಿಸದೆ ಇರಲು ಯಾರಿಂದಲೂ ಆಗುವುದಿಲ್ಲ. ಪ್ರಾಚಿಯನ್ನು ದುಭಾಷಿ ಮಾಡಿಕೊಂಡು ಮನೆಮನೆಗೆ ಹೋದೆ. ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ ನೋಡು. ಟವಿಟಾ ಅಂದ, “ದ್ವೀಪದವ್ರು ನಾವೊಂದು ಕಡೆ, ಇಂಡಿಯಾದವ್ರು ನೀವೊಂದು ಕಡೆ. ನಿಮಗ ಆಸ್ಪತ್ರಿ ಹತ್ರ ಐತಿಲ್ಲ?” ವಾಸುದೇವ್ ನನ್ನನ್ನು ಬದಿಗೆ ಕರೆದು, “ನಮ್ಮೋರೆಲ್ಲ ಒಂದೇ ಟೀಮ್ ತಾನೆ ಸಾರ್?” ಎಂದು ಪಿಸುಗುಟ್ಟಿದ.

“ಅಲ್ರೀ. ಬೆಸ ನಂಬರಿನ ಮನಿ ಒಂದು ಕಡೆ, ಸಮ ನಂಬರಿನ ಮನಿ ಒಂದು ಕಡೆ” ಎಂದೆ.

“ಹಾಗಾದ್ರೆ ನಾನು ನಿಮ್ ವಿರುದ್ಧಾನಾ? ಕನ್ನಡದೋರು ಕನ್ನಡದೋರ ಕಾಲು ಹಿಡಿದು ಎಳೆಯೋದಾ?”

“ಊರಾಗ ಮತ್ತೇನು ಮಾಡ್ತಿದ್ರಿ?” ಎಂದು ಕೇಳಿದೆ. ಸಮದ ಕಡೆ ಹೆಸರು ಬರೆಸಿದ.

ಕಾಲಿನ್ ಬಾಗಿಲು ತೆರೆಯಲಿಲ್ಲ. ಪ್ರಾಚಿ ಕಿಟಕಿಯ ಸಂದಿನಲ್ಲಿ ಕೂಗಿ ಹೇಳಿ ಬಂದಳು.

ಮೂಲೆಯ ಮನೆಯ ಗುರ್ಮೀತ್ ಸಿಂಗ್, ಪಂಜಾಬಿನವನು, ಕಬಡ್ಡಿ ಎಂದರೆ ದುಂಡಗೆ ಗೆರೆ ಕೊರೆದೇ ಆಡಬೇಕು ಎಂದು ಅಡ್ಡ ನಿಂತ. ಅವನ ಮನೆಯ ಬಾಗಿಲು ಬೇರೆ ರಸ್ತೆಗೆ ಇರುವುದರಿಂದ ಅವನು ಸಮವೂ ಅಲ್ಲ, ಬೆಸವೂ ಅಲ್ಲ. ಕೈಗೆ ಸೀಟಿ ಕೊಟ್ಟು ಅಂಪೈರ್ ಮಾಡಿದೆ. ಒಪ್ಪಿಕೊಂಡ.

ಅಭ್ಯಾಸ ನಡೆದಿದೆ. ರಗ್ಬಿ ಆಡಿದ ಜನ, ಹಿಡಿಯುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಆದರೆ ನೆಲಕ್ಕೆ ಕೆಡವಿದ ಕೂಡಲೇ ಮರ್ಯಾದೆಯಿಂದ ಬಿಟ್ಟುಬಿಡುತ್ತಾರೆ. ಅವರ ಆಟದ ನಿಯಮವಂತೆ. “ಹಿಡಕೋರೋ! ಬಿಡಬ್ಯಾಡ್ರೋ!” ಎಂದು ಕೂಗಿ ನನ್ನ ಗಂಟಲು ಹೋಗಿದೆ. ಟವಿಟಾಗೆ ‘ಕಬಡ್ಡಿ’ ಎಂದರೆ ನಗು ಬಂದು ಉಸಿರು ತಪ್ಪುತ್ತದೆ. ಅವನಿಗೆ ಚರ್ಚಿನ ಒಂದು ಹಾಡನ್ನು ಗುನುಗಲು ಅನುಮತಿ ಕೊಟ್ಟಿದ್ದೇನೆ.

ನಮ್ಮೂರಿನ ಬಗ್ಗೆ ಇವರಿಗೆಲ್ಲ ಭಾಷಣ ಮಾಡಿದ್ದೇನೆ. ಮೇಲಿನ ಓಣಿ, ಕೆಳಗಿನ ಓಣಿ ಎಂಬ ಭೇದವಿಲ್ಲದೆ ಒಂದೇ ಮೈದಾನದಲ್ಲಿ ಹೊರಳಾಡಿ ಬೆಳೆದವರು ನಾವು ಎಂದೆ. ವಿರೇಮು ಟೋಪಿ ತೆಗೆದ.

ಅದಿರಲಿ, ಮೈದಾನಕ್ಕೆ ರಿಪೇರಿ ಎಂದರೇನು? ಅದು ಮಣ್ಣಲ್ಲವೇ?

ಫಕೀರಪ್ಪ

*

ಕೊಣ್ಣಾಪುರ
೧೪ ಏಪ್ರಿಲ್ ೨೦೨೫

ಫಕೀರ್ಯಾ,

ರಿಪೇರಿ ಎಂದರೆ ರಿಪೇರಿ.

ನೀನು ಆಡಲು ಇಳಿಯಬೇಡ. ಇಳಿದರೂ ಧೋತರ ಉಟ್ಟು ಇಳಿಯಬೇಡ. ನಮ್ಮೂರನ್ನು ಅಲ್ಲಿ ಅಷ್ಟು ಹೊಗಳುವುದೂ ಬೇಡ. ಬಿಸಿಲು ಜೋರಾಗಿದೆ, ಹೆಚ್ಚು ಬರೆಯಲು ಮನಸ್ಸಿಲ್ಲ.

ನರಸಿಂಹ

*

ತಕಾನಿನಿ
೪ ಮೇ ೨೦೨೫

ನರಸಿಂಹಾ,

ಗೆದ್ದೆವು! ಬೆಸ ಮನೆಗಳು ಗೆದ್ದವು, ಫಕೀರಪ್ಪನವರ ನಾಯಕತ್ವದಲ್ಲಿ!

ಏಪ್ರಿಲ್ ಕೊನೆಯ ಶನಿವಾರ ಇಡೀ ರಸ್ತೆ ಬಯಲಿಗೆ ಬಂದಿತ್ತು. ಮೊದಮೊದಲು ಬಿಳಿಯರು ಮಡಚುಕುರ್ಚಿ ಹಾಕಿಕೊಂಡು ಅಲ್ಲಿ, ನಮ್ಮವರು ಚಾಪೆ ಹಾಸಿಕೊಂಡು ಇಲ್ಲಿ, ದ್ವೀಪದವರು ಮರದ ಕೆಳಗೆ. ನಾನು ಸುಣ್ಣದ ಗೆರೆ ಎಳೆದು, “ಬೆಸ ಎಲ್ಲಾ ಈ ಕಡೆ! ಸಮ ಎಲ್ಲಾ ಆ ಕಡೆ!” ಎಂದು ಕೂಗಿದೆ. ಕುರ್ಚಿ, ಚಾಪೆ ಎತ್ತಿಕೊಂಡು ಎಲ್ಲರೂ ಕಲಸಿಹೋದರು. ವಾಸುದೇವನ ಹೆಂಡತಿ ಪದ್ಮಾವತಿ ವಿರೇಮುವಿನ ತಾಯಿಯ ಪಕ್ಕ ಕುಳಿತು ಇಬ್ಬರೂ ಕೂಡಿ ನನ್ನನ್ನು ಬೈಯತೊಡಗಿದರು. ಭಾಷೆ ಬೇರೆಯಾದರೂ ಬೈಗುಳ ಒಂದೇ ಥರ ಇತ್ತು.

ಮೊದಲ ದಾಳಿ ನನ್ನದು. ಎದುರಾಳಿಗಳಲ್ಲಿ ಭಯ ಹುಟ್ಟಿಸಿ ತಿರುಗಿ ಬಂದೆ. ನಂತರ ತಂತ್ರದ ದೃಷ್ಟಿಯಿಂದ ಬದಿಗೆ ಕುಳಿತು, ನನ್ನ ಬದಲು ರತ್ನಪ್ರಭಾಳನ್ನು ಕಳಿಸಿದೆ. ಅವಳೊಳಗೆ ಆಟ ಇದೆ ಎಂದು ನನಗೆ ಮೊದಲೇ ಗೊತ್ತಿತ್ತು.

ನಮಗೆ ಏಳನೆಯವನು ಇರಲಿಲ್ಲ. ಆಗ ನೋಡು, ಕಾಲಿನ್ ತನ್ನ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದು ಸುಮ್ಮನೆ ನಮ್ಮ ಸಾಲಿನಲ್ಲಿ ನಿಂತ. ನಮ್ಮತ್ತ ನೋಡಲಿಲ್ಲ. ಹತ್ತೊಂಬತ್ತು ಬೆಸ ತಾನೆ?

ಕೊನೆಯ ದಾಳಿ. ಎರಡೂ ಕಡೆ ಅಂಕ ಸಮ. ರತ್ನಪ್ರಭಾ ಒಳಗೆ ನುಗ್ಗಿ ವಿರೇಮುವನ್ನು ಮುಟ್ಟಿದಳು. ವಾಸುದೇವ್ “ಸಾರಿ ಮೇಡಂ, ಸಾರಿ ಮೇಡಂ” ಅನ್ನುತ್ತ ಅವಳ ಕಾಲು ಹಿಡಿದ. ಅವನ ಮೇಲೆ ವಿರೇಮು ಬಿದ್ದ. ಇವಳು ನೆಲದ ಮೇಲೆ ಹೊಟ್ಟೆ ಎಳೆಯುತ್ತ, ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅನ್ನುತ್ತ, ಕೈ ಚಾಚುತ್ತ ಬರುತ್ತಿದ್ದಾಳೆ. ಗೆರೆಯ ಈಚೆ ಕಾಲಿನ್ ಮಂಡಿಯೂರಿ, ಮುಖ ಕೆಂಪಗೆ ಮಾಡಿಕೊಂಡು ಚೀರುತ್ತಿದ್ದಾನೆ: “ಬಾ ರತ್ನಾ! ಇನ್ನೊಂದು ಗೇಣು! ಮನಿಗೆ ಬಾ!”

ನರಸಿಂಹಾ, ಅವಳನ್ನು ಈ ರಸ್ತೆಯಿಂದ ಓಡಿಸಲು ನೋಡಿದವನು ಇವನೇ ಎಂದು ನಾವು ಮೂರು ತಿಂಗಳಿನಿಂದ ನಂಬಿದ್ದೆವು.

ಅವಳ ಬೆರಳು ಗೆರೆ ಮುಟ್ಟಿತು. ಟವಿಟಾ ರುದ್ರೇಶನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ರುದ್ರೇಶ ಮೇಲೆ ಕುಳಿತು ಅಳುತ್ತಿದ್ದ. ಎತ್ತರಕ್ಕೆ ಹೆದರಿ ಎಂದು ಆಮೇಲೆ ಹೇಳಿದ.

ಲಿಂಬೆಹಣ್ಣಿನ ವಿಷಯವೂ ಅಲ್ಲಿಯೇ ಇತ್ಯರ್ಥವಾಯಿತು. ವಿವರ ಬೇಡ.

ಫಕೀರಪ್ಪ

ತಾ.ಕ. ನರಸಿಂಹಕಾಕಾ, ನಾನು ರತ್ನಪ್ರಭಾ. ಪೋಸ್ಟ್ ಮಾಡಲು ಕೊಟ್ಟಿದ್ದನ್ನು ಓದಿದೆ, ಕ್ಷಮಿಸಿರಿ. ಮಾಮಾ ಎದುರಾಳಿಗಳ ತನಕ ಹೋಗಲೇ ಇಲ್ಲ. ನಡುಗೆರೆ ದಾಟುವ ಮೊದಲೇ ಧೋತರ ಕಾಲಿಗೆ ಸಿಕ್ಕಿ ಬಿದ್ದರು. ನಾನು ಧಾರವಾಡದಲ್ಲಿ ಯೂನಿವರ್ಸಿಟಿ ಟೀಮಿಗೆ ಆಡಿದವಳು. ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆಟ ಮುಗಿದ ಮೇಲೆ ಕಾಲಿನ್ ಎಲ್ಲರಿಗೂ ಲಿಂಬೆ ಶರಬತ್ತು ತಂದುಕೊಟ್ಟರು. ಅವರು ಪ್ರತಿ ವರ್ಷ ಬೀದಿಯ ಹಳೆಯ ಪರಿಚಯದ ಮನೆಗಳಿಗೆ ಹಣ್ಣು ಇಡುತ್ತಾರಂತೆ. ಚೀಟಿ ಬಂದ ಮೇಲೆ ಮೊದಲ ಸಲ ನಮ್ಮ ಮನೆಗೂ ಇಟ್ಟಿದ್ದರಂತೆ, ‘ಆ ಚೀಟಿಯ ಜನ ನಾನಲ್ಲ’ ಎಂದು ತಿಳಿಸಲು. ಅವು ಬೇಲಿಯ ಮೇಲಿಂದ ವಾಪಸು ಬಂದು ಅವರು ಟೊಮೆಟೊ ಸಸಿಗಳಿಗೆ ಮುಚ್ಚಿದ್ದ ಗಾಜು ಒಡೆದಿದ್ದವು. 

*

ಕೊಣ್ಣಾಪುರ
೨೫ ಮೇ ೨೦೨೫

ಫಕೀರ್ಯಾ,

ರತ್ನಪ್ರಭಾಗೆ ನನ್ನ ಆಶೀರ್ವಾದ ತಿಳಿಸು. ನಿನಗೆ ಏನೂ ಇಲ್ಲ.

ಸಮ-ಬೆಸದ ಉಪಾಯ ನಿನಗೆ ಹೊಳೆದದ್ದಲ್ಲ. ಅದು ನಮ್ಮ ಶ್ರೀಪಾದ ಮಾಸ್ತರರದು. ಮೇಲಿನ ಓಣಿಯ ಹುಡುಗರು ಒಂದು ಗುಂಪು, ಕೆಳಗಿನವರು ಒಂದು ಗುಂಪು ಎಂದು ನಿಂತಾಗ, “ಹಾಜರಿ ನಂಬರ್ ಹೇಳ್ರಲೇ” ಎಂದು ಸಮ ಬೆಸ ಮಾಡಿ ನಮ್ಮನ್ನೆಲ್ಲ ಕಲಸಿದವರು ಅವರು. ನೀನೂ ನಾನೂ ಮಾತಾಡಲು ಶುರು ಮಾಡಿದ್ದೇ ಆ ದಿನ. ನೀನು ಕೆಳಗಿನ ಓಣಿ, ನಾನು ಮೇಲಿನ ಓಣಿ. ನಿನ್ನ ಪತ್ರ ಓದಿ ಅದನ್ನು ನೆನೆಸಿಕೊಂಡು ಎರಡು ದಿನ ಊಟ ಸೇರಲಿಲ್ಲ.

ಮೈದಾನಕ್ಕೆ ರಿಪೇರಿ ನಡೆದಿಲ್ಲ. ನಡುವೆ ಜಾಲಿಮುಳ್ಳಿನ ಬೇಲಿ ಹಾಕಿದ್ದಾರೆ. ನಮ್ಮ ಓಣಿಯ ಹುಡುಗರು ಕೆಳಗಿನ ಓಣಿಯ ಹುಡುಗರ ಮೈಮುಟ್ಟಿ ಆಡಲು ಒಲ್ಲೆ ಎಂದರು. ಮಾತಿಗೆ ಮಾತು ಬೆಳೆದು ಬಡಿದಾಟವಾಯಿತು. ಮುಟ್ಟದೆ ಕಬಡ್ಡಿ ಹೇಗೆ ಆಡುತ್ತಾರೋ ನನಗೆ ತಿಳಿಯಲಿಲ್ಲ. ನೀನು ಅಲ್ಲಿ ನಿಂತು ನಮ್ಮೂರನ್ನು ಹೊಗಳುತ್ತಿರುವಾಗ ಇದನ್ನು ಹೇಗೆ ಬರೆಯಲಿ?

ನರಸಿಂಹ

*

ತಕಾನಿನಿ
೧೬ ಜೂನ್ ೨೦೨೫

ನರಸಿಂಹಾ,

ನಿನ್ನ ಪತ್ರವನ್ನು ವಿರೇಮುವಿಗೆ ಹೇಳಿದೆ. ಹೇಳಬಾರದೆಂದುಕೊಂಡಿದ್ದೆ. ಅವನು “ಹಂಗಾದ್ರ ನಾ ತೆಗೆದ ಟೋಪಿ?” ಎಂದು ಕೇಳಿದ. “ಸದ್ಯಕ್ಕ ಹಾಕ್ಕೋರಿ” ಎಂದೆ.

ಮನೆಯ ಸುದ್ದಿ ಹೇಳುತ್ತೇನೆ. ಪಂದ್ಯದ ಮರುವಾರವೇ ಏಜೆಂಟ್ ಯಾರನ್ನೋ ಮನೆ ತೋರಿಸಲು ಕರೆತಂದ. ಅವರು ಕಾರಿನಿಂದ ಇಳಿಯುವಷ್ಟರಲ್ಲಿ ಕಾಲಿನ್ ಮತ್ತು ಟವಿಟಾ ಗೇಟಿಗೆ ಅಡ್ಡ ನಿಂತಿದ್ದರು. ಕಾಲಿನ್ ಕೇಳಿದ ಮೊದಲ ಪ್ರಶ್ನೆ, “ನಿಮ್ಮಲ್ಲಿ ಯಾರಾದರೂ ಕಬಡ್ಡಿ ಆಡ್ತೀರೇನು?” ಇಲ್ಲವೆಂದರು. ಟವಿಟಾ ಬರೀ ನಿಂತಿದ್ದ. ಅವನು ನಿಂತರೆ ಸಾಕು. ಕಾರು ವಾಪಸು ಹೋಯಿತು. ಆಮೇಲೆ ಕಾಲಿನ್ ಬೋರ್ಡು ಕಿತ್ತು ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಲಿಂಬೆಹಣ್ಣಿನ ಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದ. ರುದ್ರೇಶನಿಗೆ ಅಂದ:

“ಸಮದವ್ರು ಮರುಪಂದ್ಯ ಕೇಳ್ಯಾರ. ನೀವು ಹೋದ್ರ ರತ್ನಾನೂ ಹೋಗ್ತಾಳ. ಈ ಮುದುಕನ್ನ ನಂಬಿ ಆ ವಿರೇಮುನ ಮುಂದ ನಾ ಹೆಂಗ ನಿಲ್ಲಲಿ?”

ರುದ್ರೇಶ ನನ್ನ ಕಡೆ ನೋಡಿದ. ನಾನು ಮಾಳಿಗೆ ನೋಡಿದೆ. ಮುದುಕ ಎಂದದ್ದು ತನ್ನನ್ನೋ ನನ್ನನ್ನೋ ಎಂದು ಕೇಳಲು ಅದು ಹೊತ್ತಲ್ಲ. ರತ್ನಪ್ರಭಾ ಎರಡೂ ಕೈಯಲ್ಲಿ ಚೀಲ ಇಸಕೊಂಡಳು. ರುದ್ರೇಶ ಒಳಗೆ ಹೋಗಿ ಏಜೆಂಟನಿಗೆ ಫೋನ್ ಮಾಡಿದ. ಬೋರ್ಡನ್ನು ಕಾಲಿನ್ ತನ್ನ ಕೋಳಿಗೂಡಿಗೆ ತಗಡಾಗಿ ಬಳಸಿದ್ದಾನೆ. ಏಜೆಂಟನ ಹಲ್ಲುಗಳನ್ನು ಈಗ ಕೋಳಿಗಳು ನೋಡುತ್ತವೆ.

ಚೀಟಿ ಹಾಕಿದವನು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಇಂಥವೇ ಚೀಟಿ ಬೇರೆ ರಸ್ತೆಗಳಲ್ಲೂ ಬಿದ್ದಿವೆಯಂತೆ. ಅಲ್ಲೆಲ್ಲ ಹೋಗಿ ಕಬಡ್ಡಿ ಆಡಿಸಲು ನನ್ನ ವೀಸಾ ಸಾಲದು.

ಎಲ್ಲ ಸುಖಾಂತ ಎಂದು ತಿಳಿಯಬೇಡ. ನಮ್ಮ ರಸ್ತೆ ಮತ್ತೆ ಎರಡಾಗಿದೆ. ಸಮದವರು ಬೆಸದವರ ಕಸದ ಡಬ್ಬಿ ಬಿದ್ದರೆ ಎತ್ತುವುದಿಲ್ಲ. ವಾಸುದೇವನ ಮನೆಯಿಂದ ಬರುತ್ತಿದ್ದ ಇಡ್ಲಿ ನಿಂತಿದೆ. ಅದು ಈಗ ವಿರೇಮುವಿನ ಮನೆಗೆ ಹೋಗುತ್ತಿದೆ. ಪದ್ಮಾವತಿ ರಸ್ತೆ ದಾಟುವಾಗ ನನ್ನನ್ನು ನೋಡಿ, “ಧೋತ್ರ ಹುಷಾರು ಅಂಕಲ್!” ಎಂದು ಕೂಗುತ್ತಾಳೆ. ಪ್ರಾಚಿ, ಲೂಪೆ ಇಬ್ಬರೂ ಹಗಲೆಲ್ಲ ನಮ್ಮ ಹಿತ್ತಲಲ್ಲಿ ಉಸಿರು ಕಟ್ಟುವ ಅಭ್ಯಾಸ ಮಾಡುತ್ತಾರೆ. ಪ್ರಾಚಿ ಕನ್ನಡ ಮಾತಾಡಲು ಶುರು ಮಾಡಿದ್ದಾಳೆ. ಸದ್ಯಕ್ಕೆ ಅವಳ ಕನ್ನಡವೆಂದರೆ “ಹಿಡಕೋರೋ, ಬಿಡಬ್ಯಾಡ್ರೋ” ಅಷ್ಟೇ.

ಪಂಚಾಯತಿಯವರು ನಮ್ಮೂರಿನ ಮನೆಗಳಿಗೆ ತಗಡಿನ ನಂಬರು ಹೊಡೆದಿದ್ದಾರಲ್ಲ? ಎರಡೂ ಓಣಿಯಲ್ಲಿ ಸಮವೂ ಇದೆ, ಬೆಸವೂ ಇದೆ. ನಾನು ಹೇಳುವುದು ಇಷ್ಟೇ. ಉಳಿದದ್ದು ನಿನಗೆ ಬಿಟ್ಟದ್ದು. ನಾನು ಬರುವುದು ಜುಲೈ ಕೊನೆಗೆ.

ಫಕೀರಪ್ಪ

*

ಕೊಣ್ಣಾಪುರ
೭ ಜುಲೈ ೨೦೨೫

ಫಕೀರಪ್ಪನವರಿಗೆ,

ನಿನ್ನ ಪತ್ರ ಬಂದ ಮರುದಿನ, ರವಿವಾರ, ನಾನು ಕುಡುಗೋಲು ತೆಗೆದುಕೊಂಡು ಮೈದಾನಕ್ಕೆ ಹೋದೆ. ಬೇಲಿ ಕಡಿಯತೊಡಗಿದೆ. ಜಾಲಿಮುಳ್ಳು ಕೈಗೆ ನೆಟ್ಟಿತು. ನಮ್ಮ ಓಣಿಯವರು ದೂರ ನಿಂತು, “ಪೋಸ್ಟ್ ಮಾಸ್ತರಗ ತಲಿ ಕೆಟ್ಟೈತಿ” ಅಂದರು. ಅರ್ಧ ಬೇಲಿ ತೆಗೆದೆ. ಅರ್ಧ ಇನ್ನೂ ಇದೆ.

ಎಲ್ಲ ಹುಡುಗರು ಬರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಮ್ಮ ಓಣಿಯ ಅರ್ಧ ಹುಡುಗರನ್ನು ಮನೆಯವರು ಬಿಡಲಿಲ್ಲ. ಬಂದವರನ್ನು ನಿಲ್ಲಿಸಿ ಮನೆ ನಂಬರು ಕೇಳಿದೆ. ನಮ್ಮ ಅಣ್ಣನ ಮೊಮ್ಮಗ ಗಗನ್ ಸಮ, ಕೆಳಗಿನ ಓಣಿಯ ನಂದೀಶನೂ ಸಮ. ಗಗನ್ ದಾಳಿಗೆ ಹೋದಾಗ ಬೆಸದವರು ಅವನ ಮೇಲೆ ಕುಳಿತರು. ಅವನು ಕೂಗಿದ್ದು “ಅಪ್ಪಾ” ಎಂದಲ್ಲ, “ಏ ನಂದ್ಯಾ, ಕೈ ಕೊಡಲೇ!” ಎಂದು. ಬದಿಗೆ ನಿಂತಿದ್ದ ಗಗನ್‌ನ ಅಪ್ಪ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅಂಕ ಹೋಯಿತು. ಅವನೂ ಗೆರೆಯವರೆಗೆ ಓಡಿ ಬಂದು ಅಂಪೈರನಿಗೆ ಬೈದ. ಅಂಪೈರ್ ನಾನೇ.

ಸಮದವರು ಸೋತರು. ಆಡಿದ ಹುಡುಗರೆಲ್ಲ ನಿಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಒಂದೇ ಕೊಡದ ನೀರು ಕುಡಿದರು. ಅದನ್ನು ಯಾರೂ ಗಮನಿಸಲಿಲ್ಲ, ನಾನೂ ಯಾರಿಗೂ ತೋರಿಸಿಕೊಡಲಿಲ್ಲ. ವಿರೇಮು ಅವರಿಗೆ ಟೋಪಿ ಕೈಯಲ್ಲಿ ಹಿಡಿದಿರಲು ಹೇಳು. ತೆಗೆಯುವುದೋ ಹಾಕಿಕೊಳ್ಳುವುದೋ ಇನ್ನೂ ನಿಶ್ಚಯವಿಲ್ಲ.

ಇನ್ನು ನಿನಗೆ. ಅಲ್ಲಿ ಹದಿನೇಳು ನಿನ್ನದು. ಇಲ್ಲಿ ನಿಮ್ಮ ಮನೆಯ ತಗಡು ನೋಡಿ ಬಂದೆ, ನಲವತ್ತಮೂರು. ಎರಡು ದೇಶದಲ್ಲೂ ನೀನು ಬೆಸ. ನಮ್ಮ ಮನೆ ಹನ್ನೆರಡು. ಬೆಸದವರು ಮೊನ್ನೆ ಗೆದ್ದ ಸೊಕ್ಕಿನಲ್ಲಿ ನಮ್ಮ ಬಾಗಿಲ ಮುಂದೆ ಹಲಗಿ ಬಡಿದು ಹೋಗಿದ್ದಾರೆ.

ಆದ್ದರಿಂದ ದೀಪಾವಳಿಯ ಮರುಪಂದ್ಯ ಮುಗಿಯುವವರೆಗೆ ನಾನು ನಿನ್ನೊಡನೆ ಮಾತು ಬಿಟ್ಟಿದ್ದೇನೆ. ಈ ಪತ್ರಕ್ಕೆ ಉತ್ತರ ಬರೆಯಬೇಡ. ಬರುವಾಗ ಕಾಲಿನ್ ಅವರ ಗಿಡದ ಒಂದು ಲಿಂಬೆಹಣ್ಣು ತಂದು ನಮ್ಮ ಹೊಸ್ತಿಲ ಮೇಲೆ ಇಟ್ಟು, ಮುಖ ತೋರಿಸದೆ ಹೋಗು. ವಿಮಾನ ನಿಲ್ದಾಣದಲ್ಲಿ ಮತ್ತೆ ನಾಯಿ ಹಿಡಿದರೆ ನಿನ್ನ ಹಣೆಬರಹ.

ನರಸಿಂಹ, ಮನೆ ನಂಬರ್ ಹನ್ನೆರಡು